ಭಾಂಡುಪ್‌ಗೆ ಬಂದ ಧ್ರುವದ ಹಕ್ಕಿ ಮತ್ತು ತಲೆಯಿಲ್ಲದ ಲಾಡಿಹುಳು

ಕೋವಿಡ್ ಮುಗಿದ ಎರಡನೆಯ ಮಳೆಗಾಲ. ನಾನಾಗ ಮುಂಬಯಿಯ ಒಂದು ಸರ್ಕಾರಿ ಪಶುರೋಗ ಪ್ರಯೋಗಾಲಯದಲ್ಲಿ ಪರಾವಲಂಬಿ ವಿಭಾಗದ ಮುಖ್ಯಸ್ಥೆಯಾಗಿದ್ದೆ. ನಿವೃತ್ತಿಗೆ ಹದಿನಾಲ್ಕು ತಿಂಗಳು ಬಾಕಿ ಇತ್ತು. ಪರಾವಲಂಬಿ ವಿಭಾಗ ಎಂದರೆ ಕೇಳುವವರಿಗೆ ಗಂಭೀರವಾಗಿ ಕಾಣುತ್ತದೆ. ನಿಜ ಹೇಳಬೇಕೆಂದರೆ ಮೂವತ್ತೊಂದು ವರ್ಷ ನಾನು ಮಾಡಿದ್ದು ಎಮ್ಮೆ, ಮೇಕೆ, ಕೋಳಿಗಳ ಸಗಣಿ ಹಿಕ್ಕೆಗಳಲ್ಲಿ ಹುಳು ಹುಡುಕುವ ಕೆಲಸ. ಕಾಂದಿವಲಿಯ ನಮ್ಮ ಬಿಲ್ಡಿಂಗಿನ ಮಕ್ಕಳಿಗೆ ನಾನು 'ಹುಳದ ಡಾಕ್ಟರ್ ಆಂಟಿ'. ಆ ಹೆಸರಿಗೆ ನಾನು ಎಂದೂ ಬೇಸರಪಟ್ಟವಳಲ್ಲ.

ಈ ಕಥೆಗೆ ಬೇಕಾದ ಇನ್ನೊಂದು ಸಂಗತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ನಾನು ಅಂಟಾರ್ಕ್ಟಿಕಾಕ್ಕೆ ಹೋಗಬೇಕಿತ್ತು. ಅಲ್ಲಿನ ಕಡಲ ಹಕ್ಕಿಗಳ ಹೊಟ್ಟೆಯ ಹುಳುಗಳನ್ನು ಅಧ್ಯಯನ ಮಾಡಲು ಒಬ್ಬರು ಬೇಕಾಗಿದ್ದರು, ನನ್ನ ಹೆಸರು ಪಟ್ಟಿಯಲ್ಲಿತ್ತು. ಉಣ್ಣೆಯ ಟೋಪಿ, ಕಾಲುಚೀಲ ಎಲ್ಲ ಕೊಂಡಾಗಿತ್ತು. ವೈದ್ಯಕೀಯ ಪರೀಕ್ಷೆಯ ದಿನ ನಾನು ಗರ್ಭಿಣಿ ಎಂದು ಗೊತ್ತಾಯಿತು. ಮಗಳು ಹುಟ್ಟಿದಳು, ಸಂತೋಷವಾಯಿತು, ಮಂಜುಗಡ್ಡೆಯ ದೇಶ ಅಲ್ಲಿಗೇ ಮುಗಿಯಿತು. ಉಣ್ಣೆಯ ಟೋಪಿ ಮಾತ್ರ ನುಸಿಗುಳಿಗೆಯ ಜೊತೆ ಟ್ರಂಕಿನೊಳಗೆ ಉಳಿಯಿತು. ಮುಂಬಯಿಯಲ್ಲಿ ಅದನ್ನು ಹಾಕಿಕೊಳ್ಳುವ ಸಂದರ್ಭ ಯಾರಿಗೆ ಬರುತ್ತದೆ?

ಜೂನ್ ಮೂರನೆಯ ವಾರದ ಭಾನುವಾರ. ನನ್ನ ಯಜಮಾನರು ಶಾವಿಗೆ ಉಪ್ಪಿಟ್ಟಿನ ತಟ್ಟೆ ಹಿಡಿದು ಕೂತಿದ್ದರು. ನನ್ನ ಫೋನಿಗೆ ಒಂದು ಫೋಟೋ ಬಂತು. ಹಕ್ಕಿಯ ಹಿಕ್ಕೆ, ಅದರ ನಡುವೆ ಬಿಳಿಯ ಚಪ್ಪಟೆ ತುಣುಕುಗಳು. ಕಳಿಸಿದವಳು ಪ್ರಿಯಾ. ಧಾರವಾಡ ಕಡೆಯಿಂದ ಬಂದ ತಂದೆತಾಯಿಗೆ ಜೋಗೇಶ್ವರಿಯಲ್ಲಿ ಹುಟ್ಟಿ ಬೆಳೆದ, ಕನ್ನಡದ ನಡುವೆ ಹಿಂದಿ ಬೆರೆಸುವ ಹುಡುಗಿ. ಪಶುವೈದ್ಯ ಕಾಲೇಜಿನಲ್ಲಿ ನನ್ನ ಪಾಠ ಕೇಳಿದವಳು. ಈಗ ಭಾಂಡುಪ್‌ನಲ್ಲಿ ಗಾಯಗೊಂಡ ಹಕ್ಕಿಗಳ ಒಂದು ಸಣ್ಣ ಆಸರೆ ಕೇಂದ್ರದಲ್ಲಿ ಡಾಕ್ಟರು. ನಾನು ಫೋಟೋವನ್ನು ದೊಡ್ಡದು ಮಾಡಿ ನೋಡುತ್ತಿರುವುದನ್ನು ಯಜಮಾನರು ಇಣುಕಿ ನೋಡಿದರು. ಉಪ್ಪಿಟ್ಟಿನ ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕಿಟ್ಟರು.

"ಇಷ್ಟು ವರ್ಷ ಆದ್ರೂ ನಿಂಗೆ ನನ್ನ ಊಟದ ಹೊತ್ತೇ ಬೇಕು ಕಣೇ," ಎಂದರು.

ನಾನು ಪ್ರಿಯಾಳಿಗೆ ಫೋನ್ ಮಾಡಿದೆ. ಯಾವ ಹಕ್ಕಿ ಎಂದು ಕೇಳಿದೆ.

"ಮೇಡಂ, ಪಹಲೆ ಎಲ್ಲರೂ ಹದ್ದು ಅಂದ್ರು. ನಾನು ಭೀ ಹಂಗೇ ಬರ್ದೆ. ಆಮೇಲೆ ಕಾಲು ನೋಡಿದೆ, ಬಾತುಕೋಳಿ ಜೈಸಾ ಚರ್ಮ ಇದೆ ಬೆರಳು ನಡುವೆ. ಬರ್ಡ್ ಗ್ರೂಪಿಗೆ ಫೋಟೋ ಹಾಕಿದೆ. ಸ್ಕುವಾ ಅಂತೆ ಮೇಡಂ. ಸೌತ್ ಪೋಲಾರ್ ಸ್ಕುವಾ!"

ಇನ್ನೊಂದು ಸಲ ಹೇಳು ಎಂದೆ. ಸ್ಕುವಾ ಎಂದರೆ ಕೋಳಿಗಿಂತ ಕೊಂಚ ಸಣ್ಣ ಗಾತ್ರದ, ಕಂದು ಬಣ್ಣದ ಕಡಲ ಹಕ್ಕಿ. ದಕ್ಷಿಣ ಧ್ರುವದ ಸ್ಕುವಾ ಅಂಟಾರ್ಕ್ಟಿಕಾದ ಬೇಸಿಗೆಯಲ್ಲಿ ಅಲ್ಲಿನ ಕರಾವಳಿಯ ಬಂಡೆಗಳ ಮೇಲೆ ಮರಿ ಮಾಡಿ, ಅಲ್ಲಿ ಚಳಿಗಾಲ ಬಂದಾಗ ಉತ್ತರದ ಸಮುದ್ರಗಳಿಗೆ ಹಾರಿಬರುತ್ತದೆ. ಜೂನ್ ತಿಂಗಳ ಬಿರುಗಾಳಿಯಲ್ಲಿ ಅಪರೂಪಕ್ಕೆ ಒಂದು ನಮ್ಮ ದಡಕ್ಕೂ ತಳ್ಳಿಸಿಕೊಳ್ಳುತ್ತದೆ. ನಾನು ಹೋಗಲಾಗದ ಜಾಗದ ಹಕ್ಕಿ ಮೂವತ್ತು ವರ್ಷದ ನಂತರ ಹೊಟ್ಟೆಯ ತುಂಬ ಹುಳು ತುಂಬಿಕೊಂಡು ಭಾಂಡುಪ್‌ಗೆ ಬಂದಿತ್ತು.

ಯಜಮಾನರಿಗೆ ಹೇಳಿದೆ. ಅವರು ಎದ್ದುಹೋಗಿ ಟ್ರಂಕು ತೆರೆದು ಉಣ್ಣೆಯ ಟೋಪಿ ತಂದು ನನ್ನ ಮುಂದಿಟ್ಟರು. "ಹಾಕ್ಕೊಂಡು ಹೋಗು. ನಿಮ್ಮ ಕಡೆಯವರು ಬಂದಿದ್ದಾರೆ," ಎಂದು ಗಂಭೀರವಾಗಿ ಹೇಳಿ ಉಪ್ಪಿಟ್ಟಿನ ತಟ್ಟೆ ಎತ್ತಿಕೊಂಡರು.

ಮರುದಿನ ಕೆಲಸ ಮುಗಿಸಿ, ಜೋಗೇಶ್ವರಿಯಿಂದ ರಿಕ್ಷಾ ಹಿಡಿದು, ಮಳೆಯಲ್ಲಿ ನಿಂತುಹೋದ ಟ್ರಾಫಿಕ್ಕನ್ನು ಬೈಯುತ್ತ ಭಾಂಡುಪ್ ಮುಟ್ಟಿದೆ. ಪಂಜರದ ಮೂಲೆಯಲ್ಲಿ ಹಕ್ಕಿ ರೆಕ್ಕೆ ಜೋಲುಬಿಟ್ಟು ಕೂತಿತ್ತು. ತೂಕ ಎಂಟುನೂರ ಎಪ್ಪತ್ತು ಗ್ರಾಂ. ಚೆನ್ನಾಗಿದ್ದರೆ ಒಂದು ಕಿಲೋಗಿಂತ ಮೇಲಿರಬೇಕು. ಮೂಳೆ ಮುರಿದಿರಲಿಲ್ಲ. ಬರೀ ದಣಿವು ಮತ್ತು ಹಸಿವು.

ಪಂಜರದ ಪಕ್ಕದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಐವತ್ತೈದು ವಯಸ್ಸಿನ ಒಬ್ಬರು ಕೂತಿದ್ದರು. ಮಡಿಚಿದ ಪಂಚೆ, ಅರ್ಧ ತೋಳಿನ ಬಿಳಿ ಶರ್ಟು, ಕೈಯಲ್ಲಿ ಬಟ್ಟೆಯ ಚೀಲ. ಇವರು ಸದಾಶಿವಣ್ಣ. ಊರು ಕಾಪು ಹತ್ತಿರ. ಭಾಂಡುಪ್ ಸ್ಟೇಷನ್ನಿನ ಬಳಿ ಮೀನೂಟದ ಹೋಟೆಲ್ ನಡೆಸುವವರು. ಹಕ್ಕಿ ಬಿದ್ದದ್ದು ಅವರ ಹೋಟೆಲಿನ ಟೆರೇಸಿನ ಮೇಲೆ. ಗೋಣಿ ಹೊದಿಸಿ, ಮೀನಿನ ಕ್ರೇಟಿನಲ್ಲಿಟ್ಟು, ತಾವೇ ರಿಕ್ಷಾದಲ್ಲಿ ತಂದು ಮುಟ್ಟಿಸಿದ್ದರು.

"ನಮ್ಮ ಹೋಟ್ಲಿಗೆ ಬಂದವರು ಹಸಿದು ಹೋಗ್ಲಿಕ್ಕೆ ಉಂಟಾ ಡಾಕ್ಟ್ರೆ?" ಎಂದು ನನ್ನನ್ನೇ ಕೇಳಿದರು. "ನಾಲ್ಕು ದಿನ ಆಯ್ತು. ಒಂದು ಬಂಗುಡೆ ಮುಟ್ಟಲಿಲ್ಲ ಮಾರಾಯ್ರೆ."

ಅದು ನಿಜವಾಗಿತ್ತು. ಪ್ರಿಯಾ ಬಂಗುಡೆ ಮೀನನ್ನು ತೊಳೆದು, ಬೆರಳುದ್ದದ ತುಂಡು ಮಾಡಿ, ಸ್ಟೀಲಿನ ತಟ್ಟೆಯಲ್ಲಿ ಓರಣವಾಗಿ ಜೋಡಿಸಿ ಹಕ್ಕಿಯ ಮುಂದೆ ಇಡುತ್ತಿದ್ದಳು. ಹಕ್ಕಿ ಬೆನ್ನು ತಿರುಗಿಸುತ್ತಿತ್ತು. ಕೊಕ್ಕು ಬಿಡಿಸಿ ಒಳಗೆ ತುರುಕಿದರೆ ನುಂಗಿದಂತೆ ಮಾಡಿ ಹತ್ತು ನಿಮಿಷದಲ್ಲಿ ಕಕ್ಕುತ್ತಿತ್ತು.

ಹಿಕ್ಕೆಯ ತುಣುಕುಗಳನ್ನು ಅಲ್ಲಿನ ಹಳೆಯ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಲಾಡಿಹುಳು. ಪೈಜಾಮದ ಲಾಡಿಯಂತೆ ಚಪ್ಪಟೆಯಾಗಿ, ನೂರಾರು ಕಂತುಗಳಾಗಿ ಬೆಳೆಯುವ ಹುಳು, ಇಂಗ್ಲಿಷಿನ ಟೇಪ್‌ವರ್ಮ್. ಆ ಕಂತುಗಳ ರಚನೆ ನೋಡಿದ ಕೂಡಲೇ ಇದು ಕೋಳಿಯದಲ್ಲ, ಹದ್ದಿನದಲ್ಲ, ಟೆಟ್ರಾಬೋತ್ರಿಯಸ್ ಎಂಬ ಕುಲದ್ದು ಎಂದು ಗೊತ್ತಾಯಿತು. ಈ ಕುಲದ ಹುಳುಗಳು ಕಡಲ ಹಕ್ಕಿಗಳಲ್ಲೂ ತಿಮಿಂಗಿಲದಂಥ ಕಡಲ ಪ್ರಾಣಿಗಳಲ್ಲೂ ಮಾತ್ರ ವಾಸಿಸುತ್ತವೆ. ನಾನು ಪುಸ್ತಕದ ಚಿತ್ರದಲ್ಲಿ ಬಿಟ್ಟರೆ ನೋಡಿಯೇ ಇರಲಿಲ್ಲ. ಪ್ರಿಯಾಳನ್ನು ತಬ್ಬಿಕೊಂಡೆ. ಹುಳು ಕಂಡು ಹೀಗೆ ಕುಣಿಯುವ ಹೆಂಗಸನ್ನು ಸದಾಶಿವಣ್ಣ ಆವರೆಗೆ ನೋಡಿರಲಾರರು, ಸ್ಟೂಲನ್ನು ಒಂದು ಗೇಣು ಹಿಂದಕ್ಕೆ ಸರಿಸಿಕೊಂಡರು.

ಇಲ್ಲೊಂದು ತೊಡಕಿತ್ತು. ಕುಲ ಗೊತ್ತಾದರೆ ಸಾಲದು, ಯಾವ ಪ್ರಭೇದ ಎಂದು ಖಚಿತವಾಗಿ ಹೇಳಲು ಹುಳುವಿನ ತಲೆ ಬೇಕು. ಸ್ಕೋಲೆಕ್ಸ್ ಎನ್ನುತ್ತೇವೆ. ಸಾಸಿವೆಗಿಂತ ಸಣ್ಣದು, ಕರುಳಿನ ಗೋಡೆಗೆ ಕಚ್ಚಿಕೊಂಡಿರುತ್ತದೆ. ಬಾಲದ ಕಂತುಗಳು ತಾವಾಗಿಯೇ ಕಳಚಿ ಹಿಕ್ಕೆಯಲ್ಲಿ ಬರುತ್ತವೆ, ತಲೆ ಬರುವುದಿಲ್ಲ. ಔಷಧಿ ಕೊಟ್ಟರೂ ಬಹಳ ಸಲ ತಲೆ ಕರುಳಿನಲ್ಲೇ ಕರಗಿಹೋಗುತ್ತದೆ. ಒಳ್ಳೆಯ ತಲೆ ಸಿಗುವುದು ಸತ್ತ ಹಕ್ಕಿಯ ಕರುಳು ಸೀಳಿದಾಗ.

ಮಂಗಳವಾರ ಹಕ್ಕಿಯ ತೂಕ ಎಂಟುನೂರ ಐವತ್ತು. ಬುಧವಾರ ಎಂಟುನೂರ ಮೂವತ್ತು. ಇಷ್ಟು ನಿಶ್ಶಕ್ತವಾದ ಹಕ್ಕಿಗೆ ಹುಳದ ಔಷಧಿ ಕೊಡುವಂತಿರಲಿಲ್ಲ. ಮೊದಲು ಹೊಟ್ಟೆಯಲ್ಲಿ ಆಹಾರ ನಿಲ್ಲಬೇಕು. ಗುರುವಾರ ಅರ್ಧ ದಿನ ರಜೆ ಹಾಕಿ ಹೋದಾಗ ಎಂಟುನೂರ ಹದಿನೈದಾಗಿತ್ತು. ಇದು ಉಳಿಯುವುದಿಲ್ಲ ಎಂದು ನನ್ನ ಅನುಭವ ಹೇಳಿತು. ಈಗ ಬರೆಯುವ ಮಾತನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ: ನನಗೆ ದುಃಖದ ಜೊತೆಗೆ ಒಂದು ಸಣ್ಣ ಆಸೆಯೂ ಆಯಿತು. ಹಕ್ಕಿ ಹೋದರೆ ತಲೆಗಳು ಸಿಗುತ್ತವೆ. ಒಂದಲ್ಲ, ಹತ್ತಾರು.

ನಮ್ಮ ಕಸುಬಿನಲ್ಲಿ ಒಂದು ಪದ್ಧತಿಯಿದೆ. ಮಾದರಿ ಹಾಕುವ ಬಾಟಲಿಯ ಲೇಬಲನ್ನು ಮೊದಲೇ ಬರೆದಿಟ್ಟುಕೊಳ್ಳುತ್ತೇವೆ. ಕೈ ಗಲೀಜಾದ ಮೇಲೆ ಬರೆಯಲಾಗುವುದಿಲ್ಲವಲ್ಲ. ಪೆನ್ಸಿಲ್ಲಿನಲ್ಲೇ ಬರೆಯಬೇಕು, ಏಕೆಂದರೆ ಆಲ್ಕೋಹಾಲಿನಲ್ಲಿ ಶಾಯಿ ಕರಗುತ್ತದೆ. ಆ ಮಧ್ಯಾಹ್ನ ನಾನು ಕೇಂದ್ರದ ಮೇಜಿನ ಮೇಲೆ ಅಭ್ಯಾಸಬಲದಿಂದ ಲೇಬಲ್ ಬರೆದೆ. ಹಕ್ಕಿಯ ಹೆಸರು, ಸಿಕ್ಕ ಜಾಗ, ಹುಳು ಇದ್ದ ಅಂಗ. ಕೊನೆಯ ಸಾಲು, ಹಕ್ಕಿಯ ಸ್ಥಿತಿ: ಡೆಡ್.

ಮೂರೂವರೆಗೆ ಊಟದ ಗಿರಾಕಿಗಳು ಮುಗಿದ ಮೇಲೆ ಸದಾಶಿವಣ್ಣ ಎಂದಿನಂತೆ ಬಂದರು. ನನಗೆ ನಮಸ್ಕಾರ ಹೇಳಲು ಮೇಜಿನ ಹತ್ತಿರ ಬಂದವರ ಕಣ್ಣು ಆ ಚೀಟಿಯ ಮೇಲೆ ಬಿತ್ತು. ಹೋಟೆಲ್ ಮಾಲೀಕರು ಇಂಗ್ಲಿಷ್ ಓದಲಾರರೇನು? ಒಮ್ಮೆ ಪಂಜರದ ಕಡೆ ನೋಡಿದರು. ಹಕ್ಕಿ ಕಣ್ಣು ಮಿಟುಕಿಸುತ್ತಿತ್ತು.

"ಡಾಕ್ಟ್ರೆ," ಎಂದರು, "ಅದು ಇನ್ನೂ ಉಂಟಲ್ಲ. ಅಷ್ಟರಲ್ಲೇ ಬರೆದು ಮುಗಿಸಿದ್ರಾ?"

ನಾನು ಪದ್ಧತಿ ಗಿದ್ಧತಿ ಎಂದು ಏನೋ ತೊದಲಿದೆ. ಅವರು ಕೇಳಿಸಿಕೊಳ್ಳಲಿಲ್ಲ. ಸ್ಟೂಲನ್ನು ಪಂಜರಕ್ಕೆ ಒತ್ತಿಕೊಂಡಂತೆ ಎಳೆದು, ನನಗೂ ಹಕ್ಕಿಗೂ ಬೆನ್ನು ಮಾಡಿ ಕೂತರು. ಬಟ್ಟೆಯ ಚೀಲವನ್ನು ಪಕ್ಕದಲ್ಲಿ ನೆಲಕ್ಕಿಟ್ಟರು. ಕಿಟಕಿಯ ಹೊರಗಿನ ಮಳೆಯನ್ನು ನೋಡತೊಡಗಿದರು. ನನಗೆ ನೆಲ ಬಿರಿದು ಒಳಗೆ ಹೋಗಬಾರದೇ ಎನಿಸಿತು.

ಆಗ ಪ್ರಿಯಾ ನನ್ನ ತೋಳು ಹಿಡಿದಳು. ಮಾತಾಡಬೇಡಿ ಎಂದು ಸನ್ನೆ ಮಾಡಿದಳು.

ಪಂಜರದ ಮೂಲೆಯಲ್ಲಿ ಏಳು ದಿನ ಮುದುಡಿ ಕೂತಿದ್ದ ಹಕ್ಕಿ ಎದ್ದು ನಿಂತಿತ್ತು. ಎರಡು ಹೆಜ್ಜೆ ಬಂತು. ಸದಾಶಿವಣ್ಣನ ಬೆನ್ನನ್ನು ನೋಡಿತು. ಇನ್ನೆರಡು ಹೆಜ್ಜೆ. ಸರಳುಗಳ ನಡುವೆ ಕುತ್ತಿಗೆ ತೂರಿಸಿ, ಚೀಲದ ಬಾಯಿಗೆ ಕೊಕ್ಕು ಹಾಕಿ, ಅವರು ಮನೆಯ ಸಾರಿಗೆಂದು ಇಟ್ಟುಕೊಂಡಿದ್ದ ಇಡೀ ಬಂಗುಡೆಯೊಂದನ್ನು ಸರ್ರನೆ ಎಳೆದುಕೊಂಡಿತು. ತಲೆ ಮೇಲೆತ್ತಿ ಎರಡೇ ಗುಟುಕಿಗೆ ನುಂಗಿತು. ಮತ್ತೆ ಚೀಲಕ್ಕೆ ಕೊಕ್ಕು ಹಾಕಿತು.

ಸದಾಶಿವಣ್ಣ ಚೀಲ ಅಲುಗಿದ್ದಕ್ಕೆ ತಿರುಗಿದರು. ಹಕ್ಕಿ ಕೂಡಲೇ ಹಿಂದೆ ಸರಿದು ಏನೂ ಅರಿಯದವರ ಹಾಗೆ ಗೋಡೆ ನೋಡತೊಡಗಿತು. ಎರಡನೆಯ ಮೀನಿನ ಬಾಲದ ತುದಿ ಮಾತ್ರ ಕೊಕ್ಕಿನಿಂದ ಹೊರಗೆ ಇಣುಕುತ್ತಿತ್ತು.

"ಅಯ್ಯೋ ಕಳ್ಳ!" ಎಂದು ಸದಾಶಿವಣ್ಣ ಕೂಗಿದರು. ಮುಖವೆಲ್ಲ ನಗುವಾಗಿತ್ತು. "ಕೊಟ್ರೆ ತಿನ್ನುವುದಿಲ್ಲ, ಕದ್ದು ತಿನ್ಲಿಕ್ಕೆ ಆಗ್ತದಾ ನಿಂಗೆ!"

ನಾನು ಹಣೆ ಚಚ್ಚಿಕೊಂಡೆ. ಸ್ಕುವಾ ಕಡಲಿನ ಕಳ್ಳ. ಬೇರೆ ಹಕ್ಕಿಗಳನ್ನು ಗಾಳಿಯಲ್ಲಿ ಅಟ್ಟಿಸಿಕೊಂಡು ಹೋಗಿ, ಅವು ಹಿಡಿದ ಮೀನನ್ನು ಕಸಿದು ಬದುಕುವುದು ಅದಕ್ಕೆ ಗೊತ್ತಿರುವ ಕಸುಬುಗಳಲ್ಲೊಂದು. ವಿಜ್ಞಾನದಲ್ಲಿ ಇದಕ್ಕೂ ಪರಾವಲಂಬನೆ ಎಂದೇ ಹೆಸರು. ಅದನ್ನು ನಾನು ವರ್ಷಗಟ್ಟಲೆ ತರಗತಿಯಲ್ಲಿ ಪಾಠ ಮಾಡಿದ್ದೇನೆ. ಅಷ್ಟಾದರೂ ನಾವೆಲ್ಲ ಸೇರಿ ಅದಕ್ಕೆ ತಟ್ಟೆ ಹಾಕಿ, ಬಡಿಸಿ, ಎದುರು ನಿಂತು ಊಟ ಮಾಡು ಎಂದು ಉಪಚಾರ ಮಾಡಿದೆವು. ಕದಿಯಬೇಕಾದ ಹಕ್ಕಿಯನ್ನು ಬೀಗರಂತೆ ಕೂರಿಸಿದ್ದೆವು. ಅದರ ಹೊಟ್ಟೆಯೊಳಗಿನ ಪರಾವಲಂಬಿಯನ್ನು ಹುಡುಕುತ್ತಿದ್ದ ನನಗೆ ಕಣ್ಣೆದುರು ಕೂತಿದ್ದ ಪರಾವಲಂಬಿ ಕಂಡಿರಲಿಲ್ಲ.

ಅಂದಿನಿಂದ ಊಟದ ಕ್ರಮ ಬದಲಾಯಿತು. ತಟ್ಟೆ ಮೂಲೆ ಸೇರಿತು. ಸದಾಶಿವಣ್ಣ ದಿನವೂ ಚೀಲದಲ್ಲಿ ಇಡೀ ಮೀನುಗಳನ್ನು ತಂದು, ಪಂಜರದ ಪಕ್ಕದಲ್ಲಿಟ್ಟು, ಬೆನ್ನು ಮಾಡಿ ಕೂತು, ಗಿರಾಕಿಗಳ ವಿಷಯ, ಗ್ಯಾಸಿನ ವಿಷಯ ಎಂದು ಗಟ್ಟಿಯಾಗಿ ಮಾತಾಡುತ್ತಿದ್ದರು. ಹಕ್ಕಿ ಕದಿಯುತ್ತಿತ್ತು. ಅವರು ಇಲ್ಲದಾಗ ಆ ಪಾತ್ರ ಪ್ರಿಯಾಳದು. ಅವರಿಗೆ ಒಂದೇ ಸಂಕೋಚ. ಅದು ಮೀನುಗಾರಿಕೆ ನಿಷೇಧದ ಕಾಲ, ತಾಜಾ ಬಂಗುಡೆ ಇಲ್ಲ, ಎಲ್ಲ ಕೋಲ್ಡ್ ಸ್ಟೋರೇಜಿನದು. ನಾನು ಅದೇ ಒಳ್ಳೆಯದು ಎಂದೆ. ಚೆನ್ನಾಗಿ ಹೆಪ್ಪುಗಟ್ಟಿಸಿದ ಮೀನಿನಲ್ಲಿ ಹುಳುವಿನ ಮರಿಗಳು ಸತ್ತಿರುತ್ತವೆ.

"ಐಸಿನ ಮೀನನ್ನು ಹೊಗಳಿದವರು ನನ್ನ ಜನ್ಮದಲ್ಲಿ ನೀವೊಬ್ಬರೇ," ಎಂದು ಅವರು ನಕ್ಕರು. ನನ್ನ ಮೇಲಿನ ಸಿಟ್ಟು ಆ ನಗುವಿನಲ್ಲಿ ಇಳಿದುಹೋಗಿತ್ತು. ಚೀಟಿಯನ್ನು ನಾನು ಆ ಗುರುವಾರವೇ ಹರಿದು ಕಸದ ಡಬ್ಬಿಗೆ ಹಾಕಿದ್ದೆ.

ಭಾನುವಾರಕ್ಕೆ ಒಂಬೈನೂರು ಗ್ರಾಂ. ಬುಧವಾರಕ್ಕೆ ಒಂದು ಕಿಲೋ ಇಪ್ಪತ್ತು. ಈಗ ಔಷಧಿ ತಡೆದುಕೊಳ್ಳುವ ಶಕ್ತಿ ಬಂದಿತ್ತು. ಪ್ರಾಜಿಕ್ವಾಂಟೆಲ್ ಎಂಬ ಮಾತ್ರೆ, ತೂಕಕ್ಕೆ ತಕ್ಕ ಚೂರು. ಹುಟ್ಟಿನಿಂದ ಮೀನು ತಿನ್ನದ ನಾನು ಗ್ಲೌಸ್ ಹಾಕಿಕೊಂಡು ಬಂಗುಡೆಯ ಹೊಟ್ಟೆ ಸೀಳಲು ಹೊರಟೆ.

"ಸೀಳ್ಬೇಡಿ ಡಾಕ್ಟ್ರೆ, ಗೊತ್ತಾಗ್ತದೆ ಅದಕ್ಕೆ. ಇಲ್ಲಿ, ಕಿವಿರಿನಿಂದ ಒಳಗೆ ತುರ್ಕಿ," ಎಂದು ಸದಾಶಿವಣ್ಣ ಬೆರಳಿಟ್ಟು ತೋರಿಸಿದರು. ಹಾಗೆಯೇ ಮಾಡಿ, ಮೀನನ್ನು ಚೀಲದಲ್ಲಿಟ್ಟು, ಮೂವರೂ ಬೆನ್ನು ಮಾಡಿ ನಿಂತೆವು. ಯಾರಾದರೂ ಹೊರಗಿನವರು ಬಂದಿದ್ದರೆ ಮೂವರಿಗೂ ಒಟ್ಟಿಗೆ ತಲೆ ಕೆಟ್ಟಿದೆ ಎಂದುಕೊಳ್ಳುತ್ತಿದ್ದರು. ಚೀಲ ಸರಪರ ಸದ್ದು ಮಾಡಿತು. ಮಾತ್ರೆ ಹೊಟ್ಟೆ ಸೇರಿತು.

ಗುರುವಾರ ಬೆಳಿಗ್ಗೆ ಟ್ರೇಯಲ್ಲಿ ಹುಳುಗಳು ಬಿದ್ದಿದ್ದವು. ನಾನು ಹಿಕ್ಕೆಯನ್ನು ಉದ್ದನೆಯ ಗಾಜಿನ ಪಾತ್ರೆಯಲ್ಲಿ ನೀರು ಬೆರೆಸಿ, ತಳಕ್ಕೆ ಇಳಿಯಲು ಬಿಟ್ಟು, ಮೇಲಿನ ನೀರು ಚೆಲ್ಲಿ, ಅಕ್ಕಿ ಜಾಲಿಸಿ ಕಲ್ಲು ಬೇರ್ಪಡಿಸುವ ಹಾಗೆ ಮತ್ತೆ ಮತ್ತೆ ತೊಳೆದೆ. ಕಪ್ಪು ಟ್ರೇಯ ಮೇಲೆ ಹರಡಿ ಲೆನ್ಸ್ ಹಿಡಿದು ಮೂರು ಗಂಟೆ ಹುಡುಕಿದೆ. ಹನ್ನೊಂದು ತುಂಡುಗಳು. ಅತಿ ಉದ್ದದ್ದು ಹದಿನಾಲ್ಕು ಸೆಂಟಿಮೀಟರು, ಹಾಲಿನ ಕೆನೆಯ ಬಣ್ಣ, ನೋಡಲು ಎಷ್ಟು ಚೆಂದ ಎಂದು ನಿಮಗೆ ಹೇಗೆ ಹೇಳಲಿ! ತಲೆ ಮಾತ್ರ ಒಂದೂ ಇರಲಿಲ್ಲ.

ಇನ್ನೊಂದು ಡೋಸ್ ಕೊಟ್ಟು, ಎರಡು ದಿನ ಹಿಕ್ಕೆ ಜಾಲಿಸಿದರೆ ಒಂದಾದರೂ ತಲೆ ಸಿಕ್ಕೀತು ಎಂದು ಲೆಕ್ಕ ಹಾಕಿದೆ. ಹಕ್ಕಿಗೆ ಆ ಡೋಸ್ ಬೇಕಿರಲಿಲ್ಲ, ನನಗೆ ಬೇಕಿತ್ತು. ಗಟ್ಟಿಮುಟ್ಟಾದ ಹಕ್ಕಿಯ ಕರುಳಿನಲ್ಲಿ ಒಂದೆರಡು ಹುಳು ಉಳಿದರೆ ದೊಡ್ಡ ತೊಂದರೆಯೇನಿಲ್ಲ. ಅವು ಬಾಡಿಗೆ ಕೊಡದ ಬಾಡಿಗೆದಾರರಂತೆ ಹೇಗೋ ಒಟ್ಟಿಗೆ ಇರುತ್ತವೆ. ಪ್ರಿಯಾ ಹಕ್ಕಿಯ ಮೈಮೇಲೆ ನೀರು ಚಿಮುಕಿಸಿ ತೋರಿಸಿದಳು. ಹನಿಗಳು ಗರಿಯೊಳಗೆ ಇಳಿಯದೆ ಉರುಳಿಹೋದವು, ಎಂದರೆ ಕಡಲಿಗೆ ಮರಳಲು ಗರಿ ಸಿದ್ಧವಾಗಿತ್ತು. ಅರಣ್ಯ ಇಲಾಖೆಯ ಅನುಮತಿ ಬಂದಿತ್ತು. ಶುಕ್ರವಾರ ಬೆಳಿಗ್ಗೆ ಮಳೆ ಬಿಡುವು ಕೊಡುತ್ತದೆ, ಶನಿವಾರದಿಂದ ಮತ್ತೆ ಬಿರುಗಾಳಿ ಎಂದು ಹವಾಮಾನ ವರದಿ ಹೇಳುತ್ತಿತ್ತು.

"ಮೇಡಂ, ಹಕ್ಕಿ ತಯ್ಯಾರ್ ಇದೆ," ಎಂದಳು ಪ್ರಿಯಾ. ಆಮೇಲೆ ಮೆಲ್ಲಗೆ, "ನೀವು?" ಎಂದಳು.

ನನ್ನ ಮುಖ ನೋಡಿ ಸದಾಶಿವಣ್ಣನೇ ನಡುವೆ ಬಂದರು. "ಹುಳದ ತಲೆ ಬೇಕಲ್ಲಾ ನಿಮ್ಗೆ? ಇರ್ಲಿ ಬಿಡಿ ಡಾಕ್ಟ್ರೆ. ಬಿರುಗಾಳಿ ನಿಂತ ಮೇಲೆ ಬಿಡುವ. ಅಷ್ಟು ದಿನ ಮೀನು ನಾನು ತರ್ತೇನೆ. ನಿಮ್ಗೂ ಇಷ್ಟು ವರ್ಷದ ಆಸೆ."

ಅವರು ಹಾಗೆ ಹೇಳದಿದ್ದರೆ ಬಹುಶಃ ನಾನೇ ಕೇಳುತ್ತಿದ್ದೆನೇನೋ. ಹೇಳಿದ್ದರಿಂದ ಕೇಳಲಾಗಲಿಲ್ಲ. ಪಂಜರದಲ್ಲಿ ಹಕ್ಕಿ ರೆಕ್ಕೆ ಪೂರ್ತಿ ಬಿಚ್ಚಿ ಬಡಿಯುತ್ತಿತ್ತು, ಅದಕ್ಕೆ ಜಾಗ ಸಾಲುತ್ತಿರಲಿಲ್ಲ. ರೆಕ್ಕೆಯ ಬಿಳಿಯ ಪಟ್ಟಿ ಮೊದಲ ಸಲ ಅಷ್ಟು ಸ್ಪಷ್ಟವಾಗಿ ಕಂಡಿತು.

"ನಾಳೆ ಬೆಳಿಗ್ಗೆ," ಎಂದೆ.

ಶುಕ್ರವಾರ ಏಳು ಗಂಟೆಗೆ ವರ್ಸೋವಾ ಬೀಚು. ಅದು ಬಂದು ಹದಿನೈದನೆಯ ದಿನ. ತೂಕ ಒಂದು ಕಿಲೋ ಎಂಬತ್ತು ಗ್ರಾಂ. ಅರಣ್ಯ ಇಲಾಖೆಯ ಒಬ್ಬರು, ಪ್ರಿಯಾ, ಸದಾಶಿವಣ್ಣ, ನಾನು, ಮತ್ತು 'ನಿನ್ನ ನೆಂಟರನ್ನು ನಾನೂ ನೋಡಬೇಡವೇನೇ' ಎಂದು ಹೊರಟುಬಂದ ನನ್ನ ಯಜಮಾನರು. ಪೆಟ್ಟಿಗೆಯ ಮುಚ್ಚಳ ತೆರೆದೆವು. ಹಕ್ಕಿ ಹೊರಗೆ ಬಂದು ಗಾಳಿಗೆ ಮುಖ ಮಾಡಿ ನಿಂತಿತು. ಸದಾಶಿವಣ್ಣ ಕೊನೆಯ ಉಪಚಾರವೆಂದು ಒಂದು ಬಂಗುಡೆಯನ್ನು ಅದರ ಮುಂದೆ ಚಾಚಿದರು. ಅದು ತಿರುಗಿಯೂ ನೋಡಲಿಲ್ಲ. ನಾಲ್ಕು ಹೆಜ್ಜೆ ಓಡಿ ಎದ್ದಿತು. ಅಲೆಗಳ ಮೇಲೆ ಒಂದು ಕಡಲಕಾಗೆ ಏನನ್ನೋ ಕಚ್ಚಿಕೊಂಡು ಹಾರುತ್ತಿತ್ತು. ನಮ್ಮ ಹಕ್ಕಿ ನೇರವಾಗಿ ಅದರ ಬೆನ್ನು ಹತ್ತಿತು. ಕಡಲಕಾಗೆ ಕಿರುಚಿ ಬಾಯಲ್ಲಿದ್ದದ್ದನ್ನು ಬಿಟ್ಟಿತು. ಸ್ಕುವಾ ಅದನ್ನು ನೀರಿಗೆ ಬೀಳಲು ಬಿಡದೆ ಹಿಡಿಯಿತು.

ನಾವು ಐದು ಜನ ಬೀಚಿನಲ್ಲಿ ಒಂದು ಕಳ್ಳತನಕ್ಕೆ ಚಪ್ಪಾಳೆ ತಟ್ಟಿದೆವು. ಸದಾಶಿವಣ್ಣ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದರು. ನಾನೂ ಅಳುತ್ತಿದ್ದೆ, ಸಂತೋಷಕ್ಕೆ. ಯಜಮಾನರು ಜೇಬಿನಿಂದ ಉಣ್ಣೆಯ ಟೋಪಿ ತೆಗೆದು ನನ್ನ ತಲೆಗೆ ಹಾಕಿದರು. ಹಕ್ಕಿ ಚುಕ್ಕೆಯಾಗುವವರೆಗೆ ಆ ಸೆಕೆಯಲ್ಲೂ ಅದನ್ನು ತೆಗೆಯಲಿಲ್ಲ.

ಆ ಹುಳುಗಳು ಈಗಲೂ ಪ್ರಯೋಗಾಲಯದ ಕಪಾಟಿನಲ್ಲಿವೆ. ಅವು ದಕ್ಷಿಣದ ಮಂಜಿನ ಸಮುದ್ರದ ಆಹಾರದಿಂದ ಬಂದವೋ, ಹಾದಿಯಲ್ಲಿ ಎಲ್ಲೋ ಅಂಟಿಕೊಂಡವೋ, ಪ್ರಾಮಾಣಿಕವಾಗಿ ಹೇಳಲಾರೆ. ತಲೆಯಿಲ್ಲದ್ದರಿಂದ ಪ್ರಭೇದದ ಹೆಸರೂ ಇಲ್ಲ. ತಲೆ ಕರಗಿಹೋಗದೆ ಕರುಳಿನಲ್ಲೇ ಉಳಿದಿದ್ದರೆ, ಆ ಸಾಸಿವೆಗಿಂತ ಸಣ್ಣ ತಲೆ ಹಕ್ಕಿಯ ಜೊತೆ ಪುಕ್ಕಟೆಯಾಗಿ ಅಂಟಾರ್ಕ್ಟಿಕಾ ತಲುಪಿರಬಹುದು. ನಮ್ಮಿಬ್ಬರಲ್ಲಿ ಒಬ್ಬರಾದರೂ ಹೋದೆವಲ್ಲ ಎಂದು ನನಗೆ ಸಮಾಧಾನ.

ಬೀಚಿನಿಂದ ಬಂದು ಬಾಟಲಿಗೆ ಹೊಸ ಲೇಬಲ್ ಬರೆದೆ. ಮೂವತ್ತೊಂದು ವರ್ಷಗಳಲ್ಲಿ ನಾನು ಬರೆದ ಅಷ್ಟೂ ಹಕ್ಕಿಗಳ ಲೇಬಲ್ಲುಗಳಲ್ಲಿ ಕೊನೆಯ ಸಾಲು ಒಂದೇ ಆಗಿತ್ತು. ಅಂದು ಆ ಸಾಲನ್ನು ಪೆನ್ಸಿಲ್ಲಿನಲ್ಲಿ, ಕನ್ನಡದಲ್ಲಿ ಬರೆದೆ: ಹುಳದ ತಲೆ ಸಿಗಲಿಲ್ಲ. ಹಕ್ಕಿ ಹಾರಿಹೋಯಿತು. ಈಗ ಕಾಲೇಜುಗಳಿಗೆ ಪಾಠ ಹೇಳಲು ಹೋದಾಗ ವಿದ್ಯಾರ್ಥಿಗಳಿಗೆ ಎರಡು ಮಾತು ತಪ್ಪದೆ ಹೇಳುತ್ತೇನೆ. ಹುಳುವನ್ನು ತಿಳಿಯುವ ಮೊದಲು ಅದು ವಾಸಿಸುವ ಜೀವವನ್ನು ತಿಳಿಯಿರಿ. ಲೇಬಲ್ಲಿನ ಕೊನೆಯ ಸಾಲನ್ನು ಕೊನೆಗೇ ಬರೆಯಿರಿ, ಕೈ ಎಷ್ಟೇ ಗಲೀಜಾಗಿರಲಿ.

ಪ್ರತಿ ಜೂನ್‌ನಲ್ಲಿ ಮೊದಲ ಬಿರುಗಾಳಿ ಎದ್ದ ದಿನ ಸದಾಶಿವಣ್ಣನ ಫೋನು ಬರುತ್ತದೆ. ಹಿನ್ನೆಲೆಯಲ್ಲಿ ಗಾಳಿಯ ಸದ್ದು ಜೋರಾಗಿ ಕೇಳುತ್ತದೆ.

"ಡಾಕ್ಟ್ರೆ, ಟೆರೇಸಲ್ಲಿ ಮೀನಿನ ಚೀಲ ಇಟ್ಟಿದ್ದೇನೆ," ಎನ್ನುತ್ತಾರೆ. "ಬೆನ್ನು ಮಾಡಿ ಕೂತಿದ್ದೇನೆ."